ಮರಣಶಾಸನದಲ್ಲಿ ಉಳಿದ ತಾಯಿಯ ಹೆಸರು

ವಂಶಾವಳಿಯನ್ನು ಬರೆಯುವವರು ಸಾಮಾನ್ಯವಾಗಿ ತಂದೆ, ಅಜ್ಜ, ಮುತ್ತಜ್ಜ ಎಂದು ಏರುತ್ತ ಹೋಗುವರು. ತಾಯಂದಿರ ಹೆಸರುಗಳು ಎರಡನೆಯ ಮೆಟ್ಟಲಿನಲ್ಲಿಯೇ ಮರೆಯಾಗುವವು. ಅವುಗಳನ್ನು ಹುಡುಕುವ ಬಗೆಯನ್ನು ಒಂದು ದೃಷ್ಟಾಂತದಿಂದ ತಿಳಿಯೋಣ.

ಈಸ್ಟ್ ಇಂಡಿಯಾ ಕಂಪೆನಿಯ ರೆಸಿಡೆಂಟನಾಗಿ ಹೈದರಾಬಾದಿನಲ್ಲಿದ್ದ ಜೇಮ್ಸ್ ಕರ್ಕ್‌ಪ್ಯಾಟ್ರಿಕನು ಅಲ್ಲಿಯ ಕುಲೀನ ಮನೆತನದ ಖೈರುನ್ನಿಸಾ ಬೇಗಮಳನ್ನು ವರಿಸಿದನು. 1801ರಲ್ಲಿ ಸಾಹೇಬ್ ಆಲಂ ಎಂಬ ಮಗನೂ 1802ರಲ್ಲಿ ಸಾಹೇಬ್ ಬೇಗಂ ಎಂಬ ಮಗಳೂ ಹುಟ್ಟಿದರು. 1805ರಲ್ಲಿ ಮಕ್ಕಳಿಬ್ಬರೂ ಇಂಗ್ಲೆಂಡಿಗೆ ಕಳುಹಿಸಲ್ಪಟ್ಟರು. ಅದೇ ವರ್ಷ ತಂದೆಯು ಕಲ್ಕತ್ತೆಯಲ್ಲಿ ತೀರಿಕೊಂಡನು. ತಾಯಿಯು ಆ ಮಕ್ಕಳ ಮುಖವನ್ನು ಮತ್ತೆ ಕಾಣದೆ 1813ರಲ್ಲಿ ಗತಿಸಿದಳು.

1806ನೆಯ ಮಾರ್ಚಿ 25ರಂದು ಲಂಡನ್ನಿನ ಮೇರಿಲೆಬೋನಿನಲ್ಲಿ ಮಕ್ಕಳಿಗೆ ದೀಕ್ಷಾಸ್ನಾನವಾಯಿತು. ಸಾಹೇಬ್ ಬೇಗಂ ಅಂದಿನಿಂದ ಕ್ಯಾಥರಿನ್ ಅರೋರಾ ಎನಿಸಿದಳು. 1829ರಲ್ಲಿ ವಿವಾಹವಾಗಿ ಶ್ರೀಮತಿ ಫಿಲಿಪ್ಸ್ ಆದಳು. 1889ರಲ್ಲಿ ಟಾರ್ಕಿಯಲ್ಲಿ ಮೃತಳಾದಳು. ಒಬ್ಬಳೇ ಹೆಣ್ಣುಮಗಳಿಗೆ ಮೂರು ಹೆಸರುಗಳು! ಕೊನೆಯ ಹೆಸರೊಂದನ್ನೇ ಹಿಡಿದು ಹೊರಟವರಿಗೆ ಹೈದರಾಬಾದಿನ ದಾರಿಯು ಹೇಗೆ ದೊರೆತೀತು?

ಇಲ್ಲಿ ತಂದೆಯ ಮರಣಶಾಸನವು ನೆರವಾಗುವದು. ಅದರಲ್ಲಿ ಆತನು ಮಕ್ಕಳ ತಾಯಿಯನ್ನು ಹೆಸರೆತ್ತಿ ಗೌರವದಿಂದ ಸ್ಮರಿಸಿರುವನು. ಆಕೆಗೆ ಸ್ವಂತ ಜಹಗೀರುಗಳೂ ಒಡವೆಗಳೂ ಇರುವದರಿಂದ ವಿಶೇಷ ಏರ್ಪಾಡು ಬೇಕಿಲ್ಲವೆಂದೂ, ಆದರೂ ಪ್ರೀತಿಯ ಗುರುತಾಗಿ ಹತ್ತು ಸಾವಿರ ಹೈದರಾಬಾದಿ ರೂಪಾಯಿ ಸಲ್ಲಬೇಕೆಂದೂ ಬರೆದಿರುವನು. ಆಸ್ತಿಯನ್ನು ಹಂಚುವ ಪತ್ರವೇ ಸಂಬಂಧವನ್ನೂ ಕಾಪಾಡಿತು.

ಆದುದರಿಂದ ಶೋಧಕರು ಮರಣದಿಂದ ಹಿಂದಕ್ಕೆ, ವಿವಾಹಕ್ಕೂ ಜನನಕ್ಕೂ ಸಾಗತಕ್ಕದ್ದು. ಇಂಗ್ಲೆಂಡಿನಲ್ಲಿ ಸರಕಾರದ ನೋಂದಣಿಯು 1837ನೆಯ ಜುಲೈ 1ರಿಂದ ಆರಂಭವಾಯಿತು. ಅದಕ್ಕೆ ಹಿಂದಿನದಕ್ಕೆ ಸಭೆಯ ಪುಸ್ತಕಗಳೇ ಆಧಾರ. ಭಾರತದಲ್ಲಿದ್ದ ಕಂಪೆನಿಯ ನೌಕರರ ದೀಕ್ಷಾಸ್ನಾನ, ವಿವಾಹ, ಸಮಾಧಿಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿರುವವು. ಪ್ರತಿಯೊಂದು ಹೆಸರಿನ ಜೊತೆಯಲ್ಲಿ ತಾರೀಖು, ಊರು, ಸಾಕ್ಷಿಗಳ ಹೆಸರುಗಳನ್ನೂ ಬರೆದುಕೊಳ್ಳಬೇಕು. ಹೆಸರು ಬದಲಾದಲ್ಲಿ ಸಾಕ್ಷಿಗಳೇ ಕೆಲವೊಮ್ಮೆ ದಾರಿ ತೋರುವರು.

ಸೋದರಿಯರೇ, ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿರುವ ಪತ್ರಗಳನ್ನು ಒಮ್ಮೆ ಬಿಚ್ಚಿ ನೋಡಿರಿ. ಅಜ್ಜಿಯ ತವರಿನ ಹೆಸರನ್ನು ಬಲ್ಲವರು ಜೀವಿಸಿರುವಾಗಲೇ ಕೇಳಿ ಬರೆದಿಡಿರಿ. ಹೆತ್ತವರೇ, ನೀವು ಮರಣಶಾಸನವನ್ನು ಬರೆಯುವಾಗ ಹೆಣ್ಣುಮಕ್ಕಳನ್ನು ‘ನನ್ನ ಪುತ್ರಿಯರು’ ಎಂದಷ್ಟೇ ಹೇಳಿ ಮುಗಿಸದೆ, ಒಬ್ಬೊಬ್ಬಳ ಹೆಸರನ್ನೂ ಪೂರ್ಣವಾಗಿ ಬರೆಯಿರಿ. ನೂರು ವರ್ಷಗಳ ತರುವಾಯ ಯಾರೋ ಒಬ್ಬ ಮೊಮ್ಮಗಳು ಆ ಸಾಲಿಗಾಗಿ ನಿಮಗೆ ಕೃತಜ್ಞಳಾಗಿರುವಳು.