ಸರಣಿಯಿಂದ ಕಡತಕ್ಕೆ

ಹಿಂದಿನ ಕಾಲದಲ್ಲಿ ಕನ್ನಡ ನಾಡಿನ ಲೆಕ್ಕಿಗರು ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅದಕ್ಕೆ ಕಡತವೆಂದು ಹೆಸರು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರಗಳಾಗಿವೆ. ಗಣಕಯಂತ್ರದ ‘ಫೈಲ್’ ಎಂಬುದಕ್ಕೂ ಕನ್ನಡದಲ್ಲಿ ಇದೇ ಹೆಸರು ನಿಂತಿರುವುದು ಉಚಿತವಾಗಿಯೇ ಇದೆ.

ಗಣಕಕ್ಕೆ ಎರಡು ಬಗೆಯ ನೆನಪುಗಳುಂಟು. ಕೆಲಸ ನಡೆಯುತ್ತಿರುವಾಗ ಮಾತ್ರ ಇರುವುದು ಒಂದು. ವಿದ್ಯುತ್ತು ನಿಂತರೂ ಉಳಿಯುವುದು ಇನ್ನೊಂದು. ಒಂದೇ ಹೆಸರಿನಡಿಯಲ್ಲಿ ಅನೇಕ ಬೆಲೆಗಳನ್ನು ಕ್ರಮವಾಗಿ ಇರಿಸಿಕೊಳ್ಳುವ ‘ಅರೇ’ ಅಥವಾ ಸರಣಿಯು ಮೊದಲನೆಯದರಲ್ಲಿ ವಾಸಿಸುತ್ತದೆ. ಆದೇಶಗಳ ಓಟ ಮುಗಿದೊಡನೆ ಸರಣಿಯೂ ಅಳಿದುಹೋಗುತ್ತದೆ. ಅದನ್ನು ಉಳಿಸಬೇಕಾದರೆ ಕಡತಕ್ಕೆ ಏರಿಸಲೇಬೇಕು.

ರಾಸ್ಮಸ್ ಲೆರ್ಡಾರ್ಫ್ ಎಂಬುವರು 1995ರಲ್ಲಿ ಪ್ರಕಟಿಸಿದ ಪಿಎಚ್‌ಪಿ ಎಂಬ ಸ್ಕ್ರಿಪ್ಟ್ ಭಾಷೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಬ್ಬ ಉಪಾಧ್ಯಾಯರು ಮೂವರು ವಿದ್ಯಾರ್ಥಿಗಳ ಅಂಕಗಳಾದ 45, 62, 70 ಇವುಗಳನ್ನು ಸರಣಿಯಲ್ಲಿಟ್ಟಿದ್ದಾರೆ ಎಂದು ಭಾವಿಸೋಣ. ಸರಣಿಯನ್ನು ನೇರವಾಗಿ ಪಠ್ಯವಾಗಿ ಮಾರ್ಪಡಿಸಿ ಬರೆದರೆ, ಕಡತದಲ್ಲಿ ಇಂಗ್ಲಿಷ್ ಲಿಪಿಯ ‘ಅರೇ’ ಎಂಬ ಒಂದೇ ಪದ ಉಳಿಯುತ್ತದೆ, ಅಂಕಗಳಾವುವೂ ಇರುವುದಿಲ್ಲ. ಕಡತವನ್ನು ತೆರೆದವರ ಬಾಯಿಂದಲೂ ‘ಅರೇ!’ ಎಂಬ ಉದ್ಗಾರವೇ ಹೊರಡಬೇಕು. ‘ಫೈಲ್ ಪುಟ್ ಕಂಟೆಂಟ್ಸ್’ ಎಂಬ ಆದೇಶಕ್ಕೆ ಸರಣಿಯನ್ನೇ ಒಪ್ಪಿಸಿದರೆ ಅಂಕಗಳೇನೋ ಕಡತವನ್ನು ಸೇರುತ್ತವೆ, ಆದರೆ ನಡುವೆ ಎಡೆಯಿಲ್ಲದೆ 456270 ಎಂದು ಒಂದಾಗಿ ಅಂಟಿಕೊಳ್ಳುತ್ತವೆ. ಇದು 45, 62, 70 ಆಗಿತ್ತೋ, 4, 56, 27, 0 ಆಗಿತ್ತೋ, ಹೇಳುವವರಾರು? ಮೂವರ ಪರಿಶ್ರಮದ ಫಲ ಕಣ್ಣೆದುರಿಗಿದ್ದೂ ಕಳೆದುಹೋದಂತೆಯೇ ಸರಿ.

ಆದುದರಿಂದ ಬೆಲೆಗಳ ಜೊತೆಗೆ ಅವುಗಳ ಕಟ್ಟನ್ನೂ ಬರೆದಿಡಬೇಕಾಗುತ್ತದೆ. ‘ಸೀರಿಯಲೈಜ್’ ಎಂಬ ಆದೇಶ ಮಾಡುವುದು ಇದನ್ನೇ. ಇದು ಸರಣಿಯಲ್ಲಿ ಎಷ್ಟು ಅಂಶಗಳಿವೆ, ಪ್ರತಿಯೊಂದರ ಸ್ಥಾನ ಯಾವುದು, ಅದು ಸಂಖ್ಯೆಯೋ ಪದವೋ ಎಂಬುದನ್ನೆಲ್ಲ ನಮೂದಿಸುತ್ತದೆ. ಪದವಾದರೆ ಅದರ ಉದ್ದವನ್ನೂ ಬೈಟುಗಳ ಲೆಕ್ಕದಲ್ಲಿ ಬರೆಯುತ್ತದೆ. ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ಹೀಗಾಗಿ ‘ಕಮಲ’ ಎಂಬ ಹೆಸರಿನ ಉದ್ದ 9. ಯಾರಾದರೂ ಕಡತವನ್ನು ತೆರೆದು, ಉದ್ದವನ್ನು ತಿದ್ದದೆ ಹೆಸರನ್ನು ಮಾತ್ರ ‘ಕಮಲಾ’ ಎಂದು ತಿದ್ದಿದರೆ, ದೀರ್ಘದ ಗುರುತಿನಿಂದ ಉದ್ದ 12 ಆಗುತ್ತದೆ. ಲೆಕ್ಕ ತಾಳೆಯಾಗದೆ ಇಡೀ ಸರಣಿಯೇ ಮರಳಿ ಬಾರದು. ಒಂದು ದೀರ್ಘಕ್ಕೆ ತೆರಬೇಕಾದ ದಂಡ ಇಷ್ಟು ದೊಡ್ಡದು!

ಮನುಷ್ಯರೂ ಓದಿ ತಿದ್ದಬೇಕಾದ ಕಡತಕ್ಕೆ ‘ಜೇಸನ್’ ಎಂಬ ರೂಪವೇ ಮೇಲು. ಅದರಲ್ಲಿ ಅಂಕಗಳು ಚೌಕ ಆವರಣದೊಳಗೆ ಅಲ್ಪವಿರಾಮಗಳಿಂದ ಬೇರ್ಪಟ್ಟು ನಿಲ್ಲುತ್ತವೆ. ಪಿಎಚ್‌ಪಿಯು ಸಾಮಾನ್ಯವಾಗಿ ಇದರಲ್ಲಿ ಪ್ರತಿಯೊಂದು ಕನ್ನಡ ಸಂಕೇತವನ್ನೂ ಆರು ಇಂಗ್ಲಿಷ್ ಚಿಹ್ನೆಗಳಾಗಿ ಬರೆದುಬಿಡುತ್ತದೆ. ಕನ್ನಡವನ್ನು ಕನ್ನಡವಾಗಿಯೇ ಉಳಿಸುವ ಸೂಚನೆಯನ್ನು 2012ರ 5.4ನೆಯ ಆವೃತ್ತಿಯಲ್ಲಿ ಸೇರಿಸಲಾಯಿತು.

ಬರೆಯುವ ವೇಳೆಯ ಅಪಾಯಗಳು ಬೇರೆಯೇ ಇವೆ. ಇಬ್ಬರು ಉಪಾಧ್ಯಾಯರು ಒಂದೇ ಕಡತವನ್ನು ಓದಿ, ತಮ್ಮ ತಮ್ಮ ಅಂಕಗಳನ್ನು ಸೇರಿಸಿ, ಮರಳಿ ಬರೆದರೆಂದುಕೊಳ್ಳೋಣ. ಕೊನೆಗೆ ಬರೆದವರ ಪ್ರತಿ ಉಳಿಯುತ್ತದೆ. ಮೊದಲಿನವರು ಸೇರಿಸಿದ್ದು ಮಾಯವಾಗುತ್ತದೆ. ಬರೆಯುವಾಗ ಮಾತ್ರ ಬೀಗ ಹಾಕಿದರೆ ಸಾಲದು. ಓದುವುದಕ್ಕೆ ಮುಂಚೆಯೇ ಹಾಕಿ, ಬರೆದು ಮುಗಿದ ಮೇಲೆ ತೆಗೆಯಬೇಕು. ಇನ್ನು ಬರೆಯುವ ನಡುವೆ ವಿದ್ಯುತ್ತು ನಿಂತರೆ ಅರ್ಧ ಕಡತವಷ್ಟೇ ಉಳಿದೀತು. ಅನುಭವಿಗಳು ಹೊಸ ಸರಣಿಯನ್ನು ಮೊದಲು ಪಕ್ಕದಲ್ಲಿ ಬೇರೆ ಹೆಸರಿನ ಕಡತಕ್ಕೆ ಪೂರ್ತಿಯಾಗಿ ಬರೆದು, ಅನಂತರ ಅದಕ್ಕೆ ಹಳೆಯ ಕಡತದ ಹೆಸರನ್ನು ಕೊಡುತ್ತಾರೆ. ಹೆಸರು ಬದಲಾಗುವವರೆಗೂ ಹಳೆಯ ಅಂಕಗಳು ತಮ್ಮ ಸ್ಥಳದಲ್ಲಿ ಹಾಗೆಯೇ ಇರುತ್ತವೆ.