ಹರಿದ ಸ್ನಾಯುರಜ್ಜು ಮತ್ತೆ ಕೂಡುವ ಬಗೆ

2023ನೆಯ ಇಸವಿಯ ಮೇ 1ರಂದು ಲಖನೌ ನಗರದ ಮೈದಾನದಲ್ಲಿ, ಸೀಮಾರೇಖೆಯ ಕಡೆಗೆ ಉರುಳುತ್ತಿದ್ದ ಚೆಂಡಿನ ಬೆನ್ನಟ್ಟಿ ಓಡುತ್ತಿದ್ದ ಆಟಗಾರರೊಬ್ಬರು ಹಠಾತ್ತನೆ ತೊಡೆಯನ್ನು ಹಿಡಿದುಕೊಂಡು ಕುಸಿದರು. ಅವರನ್ನು ಯಾರೂ ತಳ್ಳಿರಲಿಲ್ಲ, ಚೆಂಡೂ ಬಡಿದಿರಲಿಲ್ಲ. ಅವರು ನಮ್ಮ ಕರ್ನಾಟಕದವರೇ ಆದ ಕೆ. ಎಲ್. ರಾಹುಲ್. ಅಂದು ತಮ್ಮ ತಂಡದ ಸರದಿ ಬಂದಾಗ ಅವರು ಕೊನೆಯವರಾಗಿ ಬ್ಯಾಟು ಹಿಡಿದು ಬಂದರಾದರೂ ಒಂದು ಓಟವನ್ನೂ ಓಡಲಾರದೆ ನಿಂತಲ್ಲಿಯೇ ನಿಂತರು. ಬಲತೊಡೆಯ ಮೇಲ್ಭಾಗದಲ್ಲಿ ಸ್ನಾಯುರಜ್ಜು ಹರಿದಿದೆಯೆಂದೂ ಶಸ್ತ್ರಚಿಕಿತ್ಸೆ ಅನಿವಾರ್ಯವೆಂದೂ ಕೆಲವೇ ದಿನಗಳಲ್ಲಿ ಕ್ರಿಕೆಟ್ ಮಂಡಳಿ ಪ್ರಕಟಿಸಿತು. ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಓವಲ್ ಮೈದಾನದಲ್ಲಿ ನಡೆಯಲಿದ್ದ ಟೆಸ್ಟ್ ಚಾಂಪಿಯನ್‌ಷಿಪ್ ಅಂತಿಮ ಪಂದ್ಯ ಅವರ ಕೈತಪ್ಪಿತು.

ಆದರೆ ಅದೇ ವರ್ಷದ ಅಕ್ಟೋಬರ್ 5ರಂದು ಭಾರತದಲ್ಲಿಯೇ ವಿಶ್ವಕಪ್ ಆರಂಭವಾಗಲಿತ್ತು. ಗಾಯವಾದ ದಿನದಿಂದ ಎಣಿಸಿದರೆ ನಡುವೆ ಇದ್ದದ್ದು 157 ದಿನ. ಹರಿದ ಸ್ನಾಯುರಜ್ಜು ಅಷ್ಟರಲ್ಲಿ ಕೂಡೀತೆ? ಕೂಡಿದರೂ ಮೊದಲಿನ ಹಾಗೆ ಎಳೆತವನ್ನು ತಾಳೀತೆ? ಆಟದ ಅಭಿಮಾನಿಗಳು ಅಂದು ಕೇಳಿದ ಈ ಪ್ರಶ್ನೆ ವಾಸ್ತವವಾಗಿ ಶರೀರವಿಜ್ಞಾನದ ಪ್ರಶ್ನೆ.

ಮೊದಲು ಸ್ನಾಯುರಜ್ಜು ಎಂದರೇನೆಂಬುದನ್ನು ನೋಡೋಣ. ಇದಕ್ಕೆ ಪ್ರಯೋಗಶಾಲೆ ಬೇಡ, ನಿಮ್ಮ ಕಾಲೇ ಸಾಕು. ಕುರ್ಚಿಯ ಮೇಲೆ ಕುಳಿತು ಒಂದು ಕಾಲನ್ನು ನೆಟ್ಟಗೆ ಮುಂದಕ್ಕೆ ಚಾಚಿ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾಗಿ ಉಬ್ಬುವುದು. ಮೊಣಕಾಲ ಚಿಪ್ಪಿನ ಕೆಳಗೆ ಬೆರಳಿಟ್ಟರೆ ಬಿಗಿದ ಹಗ್ಗದಂಥದೊಂದು ಕೈಗೆ ಸಿಕ್ಕುವುದು. ಸ್ನಾಯುವಿನ ಬಲವನ್ನು ಮೂಳೆಗೆ ಮುಟ್ಟಿಸುವುದು ಇಂಥ ಹಗ್ಗಗಳೇ. ಸ್ನಾಯು ಸಂಕೋಚಗೊಳ್ಳಬಲ್ಲುದು, ಸ್ನಾಯುರಜ್ಜುವಿಗೆ ಆ ಶಕ್ತಿಯಿಲ್ಲ. ಎತ್ತಿಗೂ ಗಾಡಿಗೂ ಇರುವ ಸಂಬಂಧವನ್ನು ನೆನೆದರೆ ಇದು ತಿಳಿಯುತ್ತದೆ. ಎಳೆಯುವುದು ಎತ್ತು, ಆದರೆ ನೊಗಕ್ಕೆ ಕಟ್ಟಿದ ಹಗ್ಗ ಹರಿದರೆ ಎಷ್ಟು ಬಲವಾದ ಎತ್ತಿದ್ದೂ ಫಲವಿಲ್ಲ.

ತೊಡೆಯ ಮುಂಭಾಗದಲ್ಲಿ ನಾಲ್ಕು ಸ್ನಾಯುಗಳು ಒಟ್ಟುಗೂಡಿ ಕೆಲಸಮಾಡುತ್ತವೆ. ಇದಕ್ಕೆ ಚತುಶ್ಶಿರ ಸ್ನಾಯು ಎಂದು ಹೆಸರು. ನಾಲ್ಕೂ ಕೆಳಗೆ ಮೊಣಕಾಲ ಚಿಪ್ಪಿನಲ್ಲಿ ಸೇರುತ್ತವೆ. ಮೂರು ತೊಡೆಮೂಳೆಯಿಂದಲೇ ಹೊರಡುತ್ತವೆ. ನಾಲ್ಕನೆಯದೊಂದು ಮಾತ್ರ ಇನ್ನೂ ಮೇಲಿನಿಂದ, ಸೊಂಟದ ಮೂಳೆಯಿಂದ, ಇಳಿದುಬರುತ್ತದೆ. ಆದುದರಿಂದ ಅದು ಸೊಂಟದ ಕೀಲು, ಮೊಣಕಾಲ ಕೀಲು ಎಂಬ ಎರಡನ್ನೂ ದಾಟುತ್ತದೆ. ಎರಡು ಕೀಲುಗಳನ್ನು ದಾಟುವ ಸ್ನಾಯುವಿಗೆ ಅಪಾಯ ಹೆಚ್ಚು. ಫುಟ್‌ಬಾಲ್ ಆಟಗಾರನು ಚೆಂಡನ್ನು ಒದೆಯಲು ಕಾಲನ್ನು ಹಿಂದಕ್ಕೆ ಒಯ್ಯುವಾಗ ತೊಡೆ ಹಿಂದೆ ಸರಿದು ಮೊಣಕಾಲು ಮಡಿಯುತ್ತದೆ. ಈ ಸ್ನಾಯು ಎರಡು ತುದಿಗಳಲ್ಲಿಯೂ ಒಮ್ಮೆಗೇ ಎಳೆಯಲ್ಪಡುತ್ತದೆ. ಅದೇ ಕ್ಷಣದಲ್ಲಿ ಅದು ಕಾಲನ್ನು ಮುಂದಕ್ಕೆ ಬೀಸಲು ಸಂಕೋಚಗೊಳ್ಳಬೇಕು. ಉದ್ದವಾಗುತ್ತಿರುವಾಗಲೇ ಬಿಗಿಯಬೇಕಾದ ಈ ಇಕ್ಕಟ್ಟೇ ಹರಿತಕ್ಕೆ ಮುಖ್ಯ ಕಾರಣ. ಪೂರ್ಣವೇಗದ ಓಟದಲ್ಲಿಯೂ ಹಿಂಗಾಲು ನೆಲವನ್ನು ಬಿಡುವಾಗ ಇಂಥದೇ ಸ್ಥಿತಿ ಒದಗುತ್ತದೆ. ಆದಕಾರಣವೇ ಫುಟ್‌ಬಾಲ್ ಆಡುವವರಲ್ಲಿ ಈ ಗಾಯ ಅಪರೂಪವಲ್ಲ.

ಸ್ನಾಯುರಜ್ಜುವಿನ ರಚನೆ ಬಹಳ ಸೊಗಸಾದುದು. ಪುಂಡಿನಾರಿನ ಹಗ್ಗವನ್ನು ಬಿಚ್ಚಿ ನೋಡಿದವರಿಗೆ ಇದು ಬೇಗ ಅರ್ಥವಾದೀತು. ನಾರು ಸೇರಿ ಎಳೆ, ಎಳೆ ಸೇರಿ ಹುರಿ, ಹುರಿ ಸೇರಿ ಹಗ್ಗ. ಹಾಗೆಯೇ ಇಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ಅತಿಸೂಕ್ಷ್ಮ ತಂತುಗಳು ಕಟ್ಟುಕಟ್ಟಾಗಿ ಒಂದೇ ದಿಕ್ಕಿನಲ್ಲಿ ಜೋಡಿಸಲ್ಪಟ್ಟಿವೆ. ನೀರಿನ ಅಂಶವನ್ನು ಬಿಟ್ಟರೆ ಉಳಿಯುವ ತೂಕದಲ್ಲಿ ಹೆಚ್ಚಿನ ಪಾಲು ಕೊಲಾಜೆನ್ನೇ. ವಿಶ್ರಾಂತಿಯಲ್ಲಿ ಈ ತಂತುಗಳು ನೆಟ್ಟಗಿರದೆ ಸಣ್ಣ ಅಲೆಗಳಂತೆ ಸುಕ್ಕಾಗಿರುತ್ತವೆ. ಉದ್ದದಲ್ಲಿ ಸುಮಾರು ನೂರಕ್ಕೆ 2ರಷ್ಟು ಎಳೆದಾಗ ಸುಕ್ಕು ಬಿಚ್ಚಿಕೊಳ್ಳುತ್ತದೆ. ನೂರಕ್ಕೆ 4ರವರೆಗೆ ಎಳೆದು ಬಿಟ್ಟರೂ ಅದು ಹೆಚ್ಚುಕಡಮೆ ಮೊದಲಿನ ಉದ್ದಕ್ಕೆ ಮರಳುತ್ತದೆ. ಅದನ್ನು ಮೀರಿದರೆ ಒಳಗೆ ಅಲ್ಲೊಂದು ಇಲ್ಲೊಂದು ತಂತು ಕಡಿಯಲಾರಂಭಿಸುತ್ತದೆ. ನೂರಕ್ಕೆ 8ನ್ನು ದಾಟಿದರೆ ಹಗ್ಗವೇ ಹರಿಯುವ ಸಂಭವವುಂಟು. ರಾಹುಲರ ಪ್ರಸಂಗದಲ್ಲಿ ರಜ್ಜು ಚತುಶ್ಶಿರ ಸ್ನಾಯುವಿನಿಂದ ಸಂಪೂರ್ಣವಾಗಿ ಕಿತ್ತುಬಂದಿತ್ತೆಂದು ಅವರೇ ಆಮೇಲೆ ಹೇಳಿದ್ದಾರೆ. ತುದಿಗಳು ದೂರ ಸರಿದುಹೋದಾಗ ದೇಹ ತಾನಾಗಿ ಅವನ್ನು ಹುಡುಕಿ ಕೂಡಿಸಲಾರದು. ಶಸ್ತ್ರವೈದ್ಯನು ಹತ್ತಿರ ತಂದು ಹೊಲಿಯಬೇಕಾಗುತ್ತದೆ. ಅವರಿಗೆ ಆ ಚಿಕಿತ್ಸೆ ಮೇ ತಿಂಗಳಿನಲ್ಲಿಯೇ ಆಯಿತು.

ಹೊಲಿಗೆ ಹಾಕಿದೊಡನೆ ಕೆಲಸ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ. ನಿಜವಾದ ಕೆಲಸ ಆಗ ಆರಂಭವಾಗುತ್ತದೆ. ಮೊದಲ ಕೆಲವು ದಿನ ಉರಿಯೂತದ ಕಾಲ. ಬಿಳಿಯ ರಕ್ತಕಣಗಳು ಧಾವಿಸಿ ಬಂದು ಸತ್ತ ಕೋಶಗಳನ್ನೂ ಹೆಪ್ಪುಗಟ್ಟಿದ ರಕ್ತವನ್ನೂ ತೆರವು ಮಾಡುತ್ತವೆ. ಊತ, ಬಿಸಿ, ನೋವು ಎಲ್ಲವೂ ಈ ಶುಚಿಕಾರ್ಯದ ಗುರುತುಗಳು. ಅನಂತರ ತಂತುಕೋಶಗಳು ಬಂದು ಹೊಸ ಕೊಲಾಜೆನ್ನನ್ನು ಸುರಿಯತೊಡಗುತ್ತವೆ. ಇದು ಹಲವು ವಾರಗಳ ಕೆಲಸ. ಆದರೆ ಈ ಹೊಸ ಕೊಲಾಜೆನ್ ಬೇರೆ ಬಗೆಯದು. ತೆಳುವಾದದ್ದು, ದುರ್ಬಲವಾದದ್ದು, ಗೊತ್ತುಗುರಿಯಿಲ್ಲದೆ ಅಡ್ಡಾದಿಡ್ಡಿಯಾಗಿ ಬಿದ್ದಿರುವಂಥದು. ಹಗ್ಗ ಹೊಸೆಯುವ ಮೊದಲು ಅಂಗಳದಲ್ಲಿ ಹರಡಿದ ನಾರಿನ ರಾಶಿಯಂತೆ ಅದು ಕಾಣುವುದು. ಮೂರನೆಯದು ಪುನಾರಚನೆಯ ಘಟ್ಟ. ಸುಮಾರು ಆರನೆಯ ವಾರದಿಂದ ಮೊದಲಾಗಿ ಒಂದು ವರ್ಷದವರೆಗೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ, ದುರ್ಬಲ ತಂತುಗಳು ತೆಗೆಯಲ್ಪಟ್ಟು ಅವುಗಳ ಸ್ಥಾನದಲ್ಲಿ ಬಲವಾದವು ಬರುತ್ತವೆ, ಎಳೆತದ ದಿಕ್ಕಿನಲ್ಲಿ ಸಾಲುಗೂಡುತ್ತವೆ.

ಇಷ್ಟೊಂದು ನಿಧಾನವೇಕೆ? ಸ್ನಾಯುರಜ್ಜುವಿನಲ್ಲಿ ಜೀವಕೋಶಗಳು ವಿರಳ, ರಕ್ತನಾಳಗಳು ಇನ್ನೂ ವಿರಳ. ಹೊತ್ತೊಯ್ಯುವ ದಾರಿ ಕಿರಿದಾದರೆ ಕಟ್ಟಡದ ಸಾಮಗ್ರಿ ಬೇಗ ತಲುಪೀತು ಹೇಗೆ? ಮೂಳೆಯ ಕಥೆ ಬೇರೆ. ಅದಕ್ಕೆ ರಕ್ತದ ಪೂರೈಕೆ ಸಮೃದ್ಧವಾಗಿದೆ. ಮುರಿದ ಮೂಳೆ ಹೊಸ ಮೂಳೆಯಿಂದಲೇ ಕೂಡಿ, ಕಾಲಾಂತರದಲ್ಲಿ ಬಿರುಕಿನ ಗುರುತೂ ಉಳಿಯದಂತೆ ಆಗಬಹುದು. ಸ್ನಾಯುರಜ್ಜು ಕೂಡುವುದಾದರೋ ಗಾಯದ ಕಲೆಯಂಥ ಅಂಗಾಂಶದಿಂದ. ಅದು ಮೂಲದ ನಕಲು, ಮೂಲವಲ್ಲ.

ಇಲ್ಲಿ ಒಂದು ಸ್ವಾರಸ್ಯವಿದೆ. ಹೊಸ ತಂತುಗಳು ಯಾವ ದಿಕ್ಕಿಗೆ ಮಲಗಬೇಕೆಂದು ಅವಕ್ಕೆ ತಿಳಿಸುವುದು ಎಳೆತವೇ. ಕೋಶಗಳು ತಮ್ಮ ಮೇಲೆ ಬೀಳುವ ಸೆಳೆತವನ್ನು ಗ್ರಹಿಸಿ ಅದಕ್ಕೆ ತಕ್ಕಂತೆ ಕೊಲಾಜೆನ್ನನ್ನು ಜೋಡಿಸುತ್ತವೆ. ಆದುದರಿಂದ ಕಾಲನ್ನು ತಿಂಗಳುಗಟ್ಟಲೆ ಅಲುಗಿಸದೆ ಇಡುವುದು ಹಿತವಲ್ಲ. ಅದೂ ಅಲ್ಲದೆ, ದುಡಿಯದ ಸ್ನಾಯು ಬಹುಬೇಗ ಕ್ಷಯಿಸುತ್ತದೆ. ಎರಡು ವಾರ ಕಾಲನ್ನು ಕಟ್ಟಿಟ್ಟರೆ ತೊಡೆ ತೆಳ್ಳಗಾದದ್ದು ಕಣ್ಣಿಗೇ ಕಾಣುವುದು. ಆದರೆ ಎಳೆತ ಮಿತಿಮೀರಿದರೆ ಹೊಲಿಗೆಯೇ ಕಿತ್ತುಬಂದೀತು. ಇಂದು ಎಷ್ಟು, ನಾಳೆ ಎಷ್ಟು ಎಂದು ಅಳೆದು ಭಾರವನ್ನು ಏರಿಸುವುದೇ ಪುನಶ್ಚೇತನ ಚಿಕಿತ್ಸೆ. ಊರುಗೋಲಿನಿಂದ ನಡಿಗೆಗೆ, ನಡಿಗೆಯಿಂದ ಮೆಲ್ಲೋಟಕ್ಕೆ, ಅಲ್ಲಿಂದ ತಿರುವು ನೆಗೆತಗಳಿಗೆ. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ರಾಹುಲರು ತಿಂಗಳುಗಳ ಕಾಲ ಮಾಡಿದ್ದು ಇದನ್ನೇ. ಪತ್ರಿಕೆಗಳಲ್ಲಿ ಚಿತ್ರ ಬರುವಂಥ ಕೆಲಸವಲ್ಲ ಇದು. ಶತಕಕ್ಕಿಂತ ಇದಕ್ಕೇ ಹೆಚ್ಚು ಛಲ ಬೇಕೆಂದು ನನ್ನ ಭಾವನೆ.

ರಾಹುಲರಿಗೆ ಇನ್ನೊಂದು ಹೆಚ್ಚಿನ ಹೊರೆಯಿತ್ತು. ಅವರು ಬರಿಯ ಬ್ಯಾಟುಗಾರರಾಗಿ ಅಲ್ಲ, ವಿಕೆಟ್ ಕೀಪರ್ ಆಗಿಯೂ ಬೇಕಾಗಿದ್ದರು. ವಿಕೆಟ್ ಕೀಪರ್ ಪ್ರತಿ ಎಸೆತಕ್ಕೂ ಕುಕ್ಕರುಗಾಲಿನಲ್ಲಿ ಕುಳಿತು ಏಳಬೇಕು. 50 ಓವರುಗಳಿಗೆ 300 ಎಸೆತ. ಎಂದರೆ 300 ಬಸ್ಕಿ! ಬಸ್ಕಿಯಲ್ಲಿ ಇಳಿಯುವಾಗ ದೇಹದ ಭಾರವನ್ನು ಮೆಲ್ಲಗೆ ಬಿಡುವುದೂ ಏಳುವಾಗ ಎತ್ತುವುದೂ ಮುಖ್ಯವಾಗಿ ಇದೇ ಚತುಶ್ಶಿರ ಸ್ನಾಯುವಿನ ಕೆಲಸ. ಗಾಯವಾದದ್ದು ಅದಕ್ಕೇ.

ಆಗಸ್ಟ್ 21ರಂದು ಏಷ್ಯಾ ಕಪ್ ತಂಡ ಪ್ರಕಟವಾಯಿತು. ರಾಹುಲರ ಹೆಸರಿತ್ತು, ಆದರೆ ಹಳೆಯ ಗಾಯಕ್ಕೆ ಸಂಬಂಧಿಸದ ಒಂದು ಸಣ್ಣ ತೊಂದರೆ ತಲೆದೋರಿದೆಯೆಂದು ಆಯ್ಕೆಗಾರರು ತಿಳಿಸಿದರು. ಮೊದಲ ಎರಡು ಪಂದ್ಯಗಳನ್ನು ಅವರು ಆಡಲಿಲ್ಲ. ಸೆಪ್ಟೆಂಬರ್ 5ರಂದು ವಿಶ್ವಕಪ್ ತಂಡವನ್ನು ಸಾರಬೇಕಾಗಿ ಬಂತು. ನಾಲ್ಕು ತಿಂಗಳಿಂದ ಒಂದು ಪಂದ್ಯವನ್ನೂ ಆಡದ ಆಟಗಾರನನ್ನು ಸೇರಿಸುವುದು ಸಾಹಸವೇ ಸರಿ, ಆಯ್ಕೆಗಾರರು ಸೇರಿಸಿದರು. ಸೆಪ್ಟೆಂಬರ್ 10ರಂದು ಕೊಲಂಬೊದಲ್ಲಿ ಪಾಕಿಸ್ತಾನದೆದುರು ಪಂದ್ಯ. ಶ್ರೇಯಸ್ ಅಯ್ಯರ್ ಅವರಿಗೆ ಬೆನ್ನು ಹಿಡಿದುಕೊಂಡದ್ದರಿಂದ ಆ ಸ್ಥಾನ ರಾಹುಲರಿಗೆ ದೊರೆಯಿತು. ಗಾಯವಾಗಿ ಅಂದಿಗೆ 132 ದಿನ. ಮಳೆಯಿಂದಾಗಿ ಆಟ ಮರುದಿನಕ್ಕೆ ಮುಂದುವರಿದು, ಅವರು ಔಟಾಗದೆ 111 ಓಟಗಳನ್ನು ಗಳಿಸಿದರು; ಕೊಹ್ಲಿಯವರೊಂದಿಗೆ ಮುರಿಯದ 233 ಓಟಗಳ ಜೊತೆಯಾಟ.

ಆದರೂ ನಿಜವಾದ ಪರೀಕ್ಷೆ ಅಕ್ಟೋಬರ್ 8ರಂದು ಚೆನ್ನೈಯಲ್ಲಿ ನಡೆಯಿತೆನ್ನಬೇಕು. ಆಸ್ಟ್ರೇಲಿಯದವರು 49.3 ಓವರು ಆಡಿದರು. ಸೆಖೆಯಲ್ಲಿ 297 ಎಸೆತಗಳಿಗೆ ಕುಳಿತೆದ್ದು ಬಂದ ರಾಹುಲರು ದಣಿವಾರಿಸಿಕೊಳ್ಳುವಷ್ಟರಲ್ಲಿ, ಎರಡೇ ಓವರುಗಳಲ್ಲಿ, ಭಾರತದ ಮೂವರು 2 ಓಟಗಳಿಗೆ ಹೋಗಿಬಿಟ್ಟಿದ್ದರು. ಅವರು ಮತ್ತೆ ಮೈದಾನಕ್ಕಿಳಿದು ಔಟಾಗದೆ 97 ಓಟ ಗಳಿಸಿ ಪಂದ್ಯವನ್ನು ಗೆದ್ದುಕೊಟ್ಟರು. ಆ ವಿಶ್ವಕಪ್ಪಿನ 11 ಪಂದ್ಯಗಳಲ್ಲಿಯೂ ಅವರೇ ವಿಕೆಟ್ ಕೀಪರ್. ನವೆಂಬರ್ 19ರ ಅಂತಿಮ ಪಂದ್ಯದಲ್ಲಿ 66 ಓಟಗಳನ್ನು ಮಾಡಿದರಾದರೂ ಕಪ್ಪು ಆಸ್ಟ್ರೇಲಿಯದ ಪಾಲಾಯಿತು.

ಕರ್ನಾಟಕದವರಿಗೆ ಇಂಥ ಪ್ರಸಂಗ ಹೊಸದಲ್ಲ. 1997ರಲ್ಲಿ ಜಾವಗಲ್ ಶ್ರೀನಾಥರ ಭುಜದ ಸ್ನಾಯುರಜ್ಜುಗಳಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಯಾಯಿತು. 1999ರಲ್ಲಿ ಕೋಲ್ಕತ್ತದಲ್ಲಿ ಅವರು ಒಂದೇ ಟೆಸ್ಟಿನಲ್ಲಿ 13 ವಿಕೆಟ್ ಪಡೆದರು. 2002ರ ಮೇ ತಿಂಗಳಲ್ಲಿ ಆಂಟಿಗುವಾದಲ್ಲಿ ಅನಿಲ್ ಕುಂಬ್ಳೆಯವರ ದವಡೆ ಮುರಿದಾಗ, ಮುಖಕ್ಕೆ ಪಟ್ಟಿ ಕಟ್ಟಿಕೊಂಡು 14 ಓವರು ಎಸೆದು ಲಾರಾ ಅವರನ್ನು ಔಟುಮಾಡಿದ್ದನ್ನು ಎಲ್ಲರೂ ಬಲ್ಲರು. ಅದು ಧೈರ್ಯವೇ, ಆದರೆ ಅದನ್ನೇ ಎಲ್ಲ ಗಾಯಗಳಿಗೂ ಮಾದರಿಯೆಂದು ತಿಳಿಯುವ ವಿದ್ಯಾರ್ಥಿಗಳು ಒಂದನ್ನು ಗಮನಿಸಬೇಕು. ಚೆಂಡೆಸೆಯಲು ದವಡೆ ಬೇಕಾಗಿಲ್ಲ. ಹರಿದ ತೊಡೆಯಿಂದ ಓಡುವವನು, ಯಾವುದು ಹರಿದಿದೆಯೋ ಅದನ್ನೇ ಎಳೆಯುತ್ತಾನೆ.

ಕೊಪ್ಪಳ ಜಿಲ್ಲೆಯ ನವಲಿಯಂಥ ಊರಿನಲ್ಲಿ ಕಬಡ್ಡಿ ಆಡುವ ಹುಡುಗನ ತೊಡೆಯೂ ಇದೇ ಕೊಲಾಜೆನ್ನಿನಿಂದಾದದ್ದು. ಹತ್ತಿರದಲ್ಲಿ ಅಕಾಡೆಮಿ ಇಲ್ಲದಿದ್ದರೂ ಕೆಲವನ್ನು ಅವನು ತಿಳಿದಿರಬಹುದು. ತೊಡೆಗೆ ಪೆಟ್ಟಾದೊಡನೆ ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವ ರೂಢಿಯಿದೆ. ಮೊದಲ ಎರಡು ಮೂರು ದಿನ ಇದು ಕೆಡುಕು: ಒಳಗಿನ ರಕ್ತಸ್ರಾವ ಹೆಚ್ಚುತ್ತದೆ, ಕೆಲವೊಮ್ಮೆ ಸ್ನಾಯುವಿನೊಳಗೇ ಮೂಳೆಯಂಥ ಗಡ್ಡೆ ಬೆಳೆಯುವುದೂ ಉಂಟು. ಆಗ ಬೇಕಾದದ್ದು ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಹಿತವಾದ ಪಟ್ಟಿ. ಹರಿದಾಗ ‘ಟಪ್’ ಎಂದು ಸದ್ದಾದಂತೆ ಅನಿಸಿದರೆ, ತೊಡೆಯಲ್ಲಿ ತಗ್ಗು ಕೈಗೆ ಸಿಕ್ಕಿದರೆ, ಮಡಿಸಿದ ಮೊಣಕಾಲನ್ನು ನೆಟ್ಟಗೆ ಮಾಡಲಾಗದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ನೋವು ನಿಂತಿತೆಂಬುದು ಆಟಕ್ಕೆ ಮರಳಲು ಸಾಕಾದ ಕಾರಣವಲ್ಲ. ನೋವು ವಾರಗಳಲ್ಲಿ ಅಡಗುತ್ತದೆ, ತಂತುಗಳು ಸಾಲುಗೂಡಲು ತಿಂಗಳುಗಳು ಬೇಕು. ಗಾಯಗೊಂಡ ಕಾಲಿನ ಬಲ ಇನ್ನೊಂದು ಕಾಲಿನ ಬಲದ ನೂರಕ್ಕೆ 90ರಷ್ಟಾದರೂ ಆಗಿದೆಯೇ ಎಂದು ಕ್ರೀಡಾವೈದ್ಯರು ಸಾಮಾನ್ಯವಾಗಿ ಅಳೆದು ನೋಡುತ್ತಾರೆ.

ರಾಹುಲರ ಕಥೆ ವಿಶ್ವಕಪ್ಪಿಗೆ ಮುಗಿಯಲಿಲ್ಲ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಇಂಗ್ಲೆಂಡಿನೆದುರು 86 ಓಟ ಗಳಿಸಿದ ಬಳಿಕ ಅದೇ ಬಲತೊಡೆಯ ಚತುಶ್ಶಿರ ಸ್ನಾಯುವಿನಲ್ಲಿ ನೋವು ಕಾಣಿಸಿತು. ಪಂದ್ಯಕ್ಕೆ ಬೇಕಾದ ದೃಢತೆಯಲ್ಲಿ ನೂರಕ್ಕೆ 90ರಷ್ಟನ್ನು ಅವರು ತಲುಪಿದ್ದಾರೆಂದು ಫೆಬ್ರವರಿಯಲ್ಲಿ ಮಂಡಳಿ ತಿಳಿಸಿತು. ಉಳಿದ 10ಕ್ಕಾಗಿ ಅವರನ್ನು ಆಡಿಸಲಿಲ್ಲ. ಆ ಸರಣಿಯ ಉಳಿದ ನಾಲ್ಕು ಟೆಸ್ಟುಗಳೂ ಅವರಿಗೆ ತಪ್ಪಿದವು. 2025ರ ಮಾರ್ಚ್ 9ರಂದು ದುಬಾಯಿಯಲ್ಲಿ ನ್ಯೂಜಿಲೆಂಡನ್ನು ಸೋಲಿಸಿ ಭಾರತ ಚಾಂಪಿಯನ್ಸ್ ಟ್ರೋಫಿಯನ್ನು ಗೆದ್ದಾಗ, ವಿಕೆಟ್ಟುಗಳ ಹಿಂದೆ 50 ಓವರು ಕುಳಿತೆದ್ದು, ಆಮೇಲೆ ಔಟಾಗದೆ 34 ಓಟ ಗಳಿಸಿ ಕೊನೆಯವರೆಗೆ ನಿಂತಿದ್ದವರು ಅವರೇ.