ಗಂಡನ ವೀಸಾಕ್ಕೆ ಹೆಂಡತಿಯ ಪಗಾರ

ನಮ್ಮ ಕುಳಗೇರಿ ಕ್ರಾಸ್ ಕಡೆ ಮದುವೆ ಮಾತಿಗೆ ಕುಳಿತರೆ ಹೊಲ ಎಷ್ಟು ಎಕರೆ, ಬಂಗಾರ ಎಷ್ಟು ತೊಲಿ ಎಂಬಲ್ಲಿಂದ ಲೆಕ್ಕ ಶುರುವಾಗುತ್ತದೆ. ನಾನು ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅಲ್ಲಿ ಕಾಯಂ ನೆಲೆಯ ಅನುಮತಿ ಸಿಕ್ಕ ಮೇಲೆ, ಬಾದಾಮಿ ತಾಲ್ಲೂಕಿನಲ್ಲೇ ಶಿಕ್ಷಕರಾಗಿದ್ದವರ ಜೊತೆ ನನ್ನ ಮದುವೆಯಾಯಿತು. ಅವರನ್ನು ಕರೆಸಿಕೊಳ್ಳಲು ಹೊರಟಾಗ ಈ ಎರಡೂ ಲೆಕ್ಕ ಕೆಲಸಕ್ಕೆ ಬರಲಿಲ್ಲ. ಕೆಲಸಕ್ಕೆ ಬಂದದ್ದು ನನ್ನ ಪಗಾರದ ಚೀಟಿ.

ಬ್ರಿಟನ್‌ನಲ್ಲಿ ನೆಲೆಸಿದವರು ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಬೇಕಾದರೆ ವರ್ಷಕ್ಕೆ ಕನಿಷ್ಠ 29,000 ಪೌಂಡ್ ದುಡಿಯುತ್ತಿರಬೇಕು. 2012ರಿಂದ 18,600 ಇದ್ದ ಮಿತಿಯನ್ನು 2024ರ ಏಪ್ರಿಲ್ 11ರಂದು ಒಮ್ಮೆಲೇ ಇಷ್ಟಕ್ಕೆ ಏರಿಸಿದರು. ಅರ್ಜಿ ಹಾಕುವವರು ಊರಲ್ಲಿ ಎಷ್ಟೇ ಸಂಬಳ ಪಡೆಯುತ್ತಿದ್ದರೂ ಅದು ಇದಕ್ಕೆ ಸೇರುವುದಿಲ್ಲ. ಹಾಗಾಗಿ ನನ್ನ ಯಜಮಾನರ ಸರ್ವಿಸ್ ಎಲ್ಲ ಒಂದು ಕಡೆ, ನನ್ನ ಚೀಟಿ ಒಂದು ಕಡೆ. ನನ್ನದು ಮಿತಿ ದಾಟಿತ್ತು. ಆದರೆ ನರ್ಸುಗಳ ಆರಂಭದ ಸಂಬಳ 2025–26ರಲ್ಲಿ 31,049 ಪೌಂಡ್; ವಾರಕ್ಕೆ ಒಂದು ದಿನದ ಕೆಲಸ ಕಡಿಮೆ ಮಾಡಿಕೊಂಡರೂ ಅದು 25,000ದ ಕೆಳಗಿಳಿಯುತ್ತದೆ. ನನ್ನ ಜೊತೆ ವಾರ್ಡಿನಲ್ಲಿ ರೋಗಿಗಳನ್ನು ತೊಳೆದು, ಉಣಿಸಿ, ಮಲಗಿಸುವ ಸಹಾಯಕಿಯರ ಸಂಬಳ ಅದೇ ವರ್ಷ 24,465ರಿಂದ ಶುರುವಾಗುತ್ತಿತ್ತು. ಪೂರ್ತಿ ವಾರ ದುಡಿದರೂ ಆ ಹೆಣ್ಣುಮಕ್ಕಳು ಬರೀ ಆ ಸಂಬಳದ ಮೇಲೆ ಗಂಡನನ್ನು ಕರೆಸಿಕೊಳ್ಳುವಂತಿಲ್ಲ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

"ಹೊಲ ಐತಲ್ಲವಾ, ಉತಾರ ತೋರಿಸಿದ್ರ ಆಗೂದಿಲ್ಲೇನು?" ಎಂದು ಮಾವನವರು ಕೇಳಿದರು. ಆಗುವುದಿಲ್ಲ. ಸಂಬಳ ಸಾಲದವರಿಗೆ ಉಳಿತಾಯದ ದಾರಿಯಿದೆ, ಆದರೆ ಅದು ನಗದೇ ಆಗಿರಬೇಕು. ಕೊರತೆಯ ಎರಡೂವರೆ ಪಟ್ಟಿಗೆ 16,000 ಪೌಂಡ್ ಕೂಡಿಸಿ ತೋರಿಸಬೇಕು. ಎರಡು ಸಾವಿರ ಕಡಿಮೆ ಬಿದ್ದರೆ 21,000. ಸಂಬಳವೇ ಇಲ್ಲದಿದ್ದರೆ 88,500, ಅಂದರೆ ಕೋಟಿ ರೂಪಾಯಿಗೂ ಮೇಲೆ. ಹಿರಿಯರು ಕೊಡುವುದಾದರೆ ಕೊಡುಗೆಯಾಗಿಯೇ ಕೊಡಬೇಕು, ಸಾಲ ನಡೆಯದು. ಆರು ತಿಂಗಳು ಆ ಹಣ ದಂಪತಿಯ ಹೆಸರಿನಲ್ಲೇ ಇರಬೇಕು. ಬಹಳ ಜನರಿಗೆ ತಿಳಿಯದ ಮಾತೆಂದರೆ, ಅದನ್ನು ಲಂಡನ್ನಿಗೆ ಕಳಿಸಬೇಕಾಗಿಲ್ಲ. ಬಾದಾಮಿಯ ಬ್ಯಾಂಕಿನಲ್ಲಿ, ಬೇಕೆಂದಾಗ ತೆಗೆಯುವಂತಿದ್ದರೆ ಸಾಕು.

ಖರ್ಚಿನ ಭಾರ ಬೇರೆ. 2025ರ ಏಪ್ರಿಲ್‌ನ ದರದಲ್ಲಿ ಅರ್ಜಿಗೆ 1,938 ಪೌಂಡ್, ಆರೋಗ್ಯ ಸೇವೆಯ ಹೆಸರಿನಲ್ಲಿ 3,105. ಎರಡೂ ಸೇರಿ ಆರು ಲಕ್ಷ ರೂಪಾಯಿ ಸಮೀಪ. ಕ್ಷಯ ತಪಾಸಣೆ, ಇಂಗ್ಲಿಷ್ ಪರೀಕ್ಷೆ, ಬೆಂಗಳೂರಿನ ಓಡಾಟ, ಕನ್ನಡದ ಕಾಗದಪತ್ರಗಳ ಅನುವಾದ ಇದರ ಮೇಲೆ. ಬಾದಾಮಿಯ ಸಬ್ ರಿಜಿಸ್ಟ್ರಾರ್ ಕಚೇರಿಯ ವಿವಾಹ ಪತ್ರವೊಂದೇ ಅಗ್ಗದಲ್ಲಿ ಸಿಗುವಂಥದ್ದು, ಅದನ್ನು ಮದುವೆಯಾದ ವಾರದಲ್ಲೇ ಮಾಡಿಸಿಕೊಳ್ಳಿ.

ಇದಕ್ಕಿಂತ ದೊಡ್ಡ ಸಂಗತಿ ಮದುವೆಯ ಕಾಲದ್ದು. ನರ್ಸುಗಳು ಮೊದಲು ಹೋಗುವ ಆರೋಗ್ಯ ಸಿಬ್ಬಂದಿಯ ವೀಸಾದಲ್ಲಿರುವಾಗಲೇ ಮದುವೆಯಾಗಿದ್ದರೆ ಗಂಡನಿಗೆ ಅವಲಂಬಿತರ ವೀಸಾ ಸಿಗುತ್ತದೆ. ಮೂರು ವರ್ಷದೊಳಗಿನ ಅವಧಿಗೆ ಶುಲ್ಕ 2025ರ ದರದಲ್ಲಿ 304 ಪೌಂಡ್ ಅಷ್ಟೇ. ಆರೋಗ್ಯದ ಹಣ ಪೂರ್ತಿ ಮಾಫಿ, 29,000ದ ಮಿತಿಯೂ ಇಲ್ಲ. ಅದೇ ನರ್ಸ್ ಕಾಯಂ ನೆಲೆ ಪಡೆದ ಮೇಲೆ ಮದುವೆಯಾದರೆ ಪೂರ್ತಿ ದುಡ್ಡು ಕಟ್ಟಬೇಕು. 2024ರ ಮಾರ್ಚ್ 11ರಿಂದ ವೃದ್ಧರ ಆರೈಕೆಯ ಕೆಲಸಕ್ಕೆ ಹೋದವರಿಗೆ ಈ ದಾರಿ ಬಂದಾಗಿದೆ. 2024ರ ಜನವರಿಯಿಂದ ಓದು ಶುರುಮಾಡಿದ ವಿದ್ಯಾರ್ಥಿಗಳಲ್ಲಿ ಸಂಶೋಧನೆ ಮಾಡುವವರು ಹಾಗೂ ಸರ್ಕಾರಿ ವಿದ್ಯಾರ್ಥಿವೇತನದವರನ್ನು ಬಿಟ್ಟು ಉಳಿದವರಿಗೂ ಇಲ್ಲ. ಅದಕ್ಕೇ ಹೇಳುತ್ತೇನೆ, "ಹುಡುಗ ಫಾರಿನ್‌ನಾಗ ಅದಾನ" ಎಂಬ ಮಾತು ಬಂದ ಕೂಡಲೇ ಯಾವ ವೀಸಾ, ಸಂಬಳ ಎಷ್ಟು ಎಂದು ಕೇಳಿ. ಹಾಗೆ ಕೇಳುವುದರಲ್ಲಿ ನಾಚಿಕೆಯಿಲ್ಲ. ಎಷ್ಟೋ ಹೆಣ್ಣುಮಕ್ಕಳು ತಾಳಿ ಕಟ್ಟಿಸಿಕೊಂಡು ವರ್ಷಗಟ್ಟಲೆ ತವರಿನಲ್ಲಿ ಕಾಯುವುದು ಈ ಪ್ರಶ್ನೆ ಕೇಳದೇ ಹೋದದ್ದಕ್ಕೆ.

ನಮ್ಮಿಬ್ಬರ ಮನೆಯವರೂ ಒಪ್ಪಿ ಮದುವೆಯನ್ನು ಬನಶಂಕರಿಯಲ್ಲಿ ಸಣ್ಣದಾಗಿ ಮುಗಿಸಿದರು. ಉಳಿದ ದುಡ್ಡು ವೀಸಾಕ್ಕೆ ಹೋಯಿತು. ನನ್ನ ಅವ್ವನಿಗೆ ಊರಿಗೆಲ್ಲ ಊಟ ಹಾಕಬೇಕೆಂಬ ಆಸೆಯಿತ್ತು. ಅದನ್ನು ಬಿಟ್ಟುಕೊಟ್ಟ ಅವಳ ಋಣ ನನ್ನ ಮೇಲಿದೆ.

ಮೊದಲ ವೀಸಾ 33 ತಿಂಗಳದು. ಮುಂದುವರಿಸಲು 2025ರ ದರದಲ್ಲಿ 1,321 ಪೌಂಡ್ ಶುಲ್ಕ, ಆರೋಗ್ಯಕ್ಕೆ 2,587.50. ವೀಸಾ ಮುಗಿಯುವುದರೊಳಗೆ ಕೂಡಿಬರುವಂತೆ 30 ತಿಂಗಳಿಗೆ ಹಂಚಿದರೆ ತಿಂಗಳಿಗೆ 130 ಪೌಂಡ್ ಆಗುತ್ತದೆ. ಅಷ್ಟನ್ನು ಇಬ್ಬರೂ ಸೇರಿ ಬೇರೆ ಖಾತೆಗೆ ಹಾಕುತ್ತಿದ್ದೇವೆ. ವೀಸಾ ಮುಂದುವರಿಸುವಾಗ ಮಾತ್ರ ನನ್ನ ಯಜಮಾನರ ಅಲ್ಲಿನ ಸಂಬಳವೂ 29,000ದ ಲೆಕ್ಕಕ್ಕೆ ಸೇರುತ್ತದೆ.